ಕಂದೀಲು ಹುಡುಗಿಯ ಸಿನಿಮಾ

ಮೀರಾಬಾಯಿಗೆ ಆ ಸುದ್ದಿ ಮುಟ್ಟಿಸಿದವನು ಸಲಾವುದ್ದೀನ್. ಎರಡು ಸಾವಿರದ ನಾಲ್ಕನೆಯ ಇಸವಿಯ ಶ್ರಾವಣ. ಮಗ ಶರಣಕುಮಾರ ಮಾಲು ತರಲು ಹೈದರಾಬಾದಿಗೆ ಹೋಗಿದ್ದರಿಂದ ಗಂಡನ ಬುತ್ತಿಯನ್ನು ಆವತ್ತು ಅವಳೇ ಪೇಟೆಗೆ ಒಯ್ದಿದ್ದಳು. ಬಸವಕಲ್ಯಾಣದಲ್ಲಿ ಅವಳ ಗಂಡ ಗುರುಲಿಂಗಪ್ಪನ ಪಾತ್ರೆ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಅದರ ಮಗ್ಗುಲಿನ ಮಳಿಗೆ ಸಲಾವುದ್ದೀನನದು. ಮೊದಲು ವಿಡಿಯೋ ಕ್ಯಾಸೆಟ್ಟು, ಟಿ.ವಿ. ಗೇಮಿನ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನು ಈಗ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ.

“ಮೌಶಿ, ಜರಾ ಇಲ್ಲಿ ಬರ್ರಿ,” ಎಂದು ಕರೆದ. “ನಿಮ್ಮ ಕಂದೀಲು ಹುಡುಗಿದು ಸಿನಿಮಾ ಮಾಡ್ಯಾರಂತ.”

ಮೀರಾಬಾಯಿ ಖಾಲಿ ಡಬ್ಬಿ ಹಿಡಿದುಕೊಂಡೇ ಅವನ ಬಾಗಿಲಿಗೆ ಬಂದಳು. “ಯಾವ ಹುಡುಗಿದು?”

“ಆಟದ್ದು ಮೌಶಿ. ನಾಲ್ಕು ಸಲ ಬಾಡಿಗಿ ಒಯ್ದು, ಕಡೀಗಿ ಕ್ಯಾಸೆಟ್ಟ ನೀವೇ ಇಟಗೊಂಡ್ರಿ ನೋಡ್ರಿ, ಅದು. ದೀಪಾವಳಿ ಮುಂದ ಬರತದಂತ. ಹಿಂದಿ ಭಾಷಾದಾಗೂ ಮಾತು ಕೂಡಸ್ಯಾರಂತ.”

ಪರದೆಯ ಮೇಲೆ ಒಂದು ಚಿತ್ರವಿತ್ತು. ಕೆಂಪು ಓಢಣಿಯ ಹುಡುಗಿ, ಬೆನ್ನು ಈ ಕಡೆ, ಕೈಯಲ್ಲಿ ಕಂದೀಲು. ಮುಖ ಕಾಣುತ್ತಿರಲಿಲ್ಲ. ಮೀರಾಬಾಯಿ ಬಹಳ ಹೊತ್ತು ನೋಡಿದಳು.

“ಅಕೀನ,” ಎಂದಳು.

ಹತ್ತು ವರ್ಷದ ಹಿಂದೆ, ಅಂಗಡಿಯ ಗೋದಾಮಿನಲ್ಲಿ ನಿಚ್ಚಣಿಕೆಯಿಂದ ಬಿದ್ದು ಅವಳ ಬಲಗಾಲು ಮುರಿದಿತ್ತು. ಮೂರು ತಿಂಗಳು ಪ್ಲಾಸ್ಟರು. ಪಡಸಾಲೆಯಲ್ಲಿ ಟಿ.ವಿ.ಯ ಎದುರಿಗೆ ಮಂಚ ಹಾಕಿದ್ದರು. ಶರಣಕುಮಾರ ಹಟ ಹಿಡಿದು ತರಿಸಿಕೊಂಡಿದ್ದ ಟಿ.ವಿ. ಗೇಮು ಒಂದೇ ವಾರದಲ್ಲಿ ಅವನಿಗೆ ಬೇಸರ ಬಂದು ಮೂಲೆ ಸೇರಿತ್ತು. ಪಿ.ಯು.ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಮಗಳು ಅನುರಾಧಾ ಒಂದು ದಿನ ಅದರ ಧೂಳು ಒರೆಸಿ, ಆಟ ನಡೆಸುವ ಗುಂಡಿಗಳ ಎರಡು ಹಿಡಿಕೆಗಳಲ್ಲಿ ಒಂದನ್ನು ತಾನು ಹಿಡಿದು, ಇನ್ನೊಂದನ್ನು ಅವ್ವನ ಕೈಗೆ ಕೊಟ್ಟಳು. ಹುಡುಗಿಯನ್ನು ನಡೆಸುವುದು ಅನುರಾಧಾ. ಕಂದೀಲಿನ ಬತ್ತಿ ಏರಿಸುವುದು, ಇಳಿಸುವುದು ಮೀರಾಬಾಯಿ. ದೊಡ್ಡ ಕೋಟೆ, ಹನ್ನೆರಡು ಕೋಣೆ. ಎಣ್ಣೆ ತೀರುವುದರೊಳಗೆ ಬಾಗಿಲು ಹುಡುಕಬೇಕು. ಹುಡುಗಿಯ ಜೊತೆ ಯಾರೂ ಇಲ್ಲ. ಕತ್ತಿಯಿಲ್ಲ, ಬಂದೂಕಿಲ್ಲ. ಒಂದು ಮಾತೂ ಆಡುವುದಿಲ್ಲ.

ಕ್ಯಾಸೆಟ್ಟಿನ ಜೊತೆ ಯಾವ ಕಾಗದವೂ ಇರಲಿಲ್ಲವಾಗಿ ಅವಳು ಯಾಕೆ ನಡೆಯುತ್ತಾಳೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಮೀರಾಬಾಯಿ ಹೇಳುತ್ತಿದ್ದಳು: “ಅಕಿ ಮನಿ ಹುಡುಕ್ಕೋತ ಒಳಗ ಹೊಂಟಾಳ. ಒಳಗ ಯಾರೋ ಕಾಯಾಕತ್ತಾರ.” ಅನುರಾಧಾ ಒಪ್ಪುತ್ತಿರಲಿಲ್ಲ. “ಇಲ್ಲವ್ವ, ಅಕಿ ಹೊರಗ ಹೊಂಟಾಳ. ತಪ್ಪಿಸ್ಕೊಂಡು ಹೊಂಟಾಳ.” ಹನ್ನೊಂದು ಕೋಣೆ ದಾಟಿದರು. ಹನ್ನೆರಡನೆಯದರಲ್ಲಿ ಪ್ರತಿ ಸಲವೂ ಎಣ್ಣೆ ತೀರುತ್ತಿತ್ತು. ಅಷ್ಟರಲ್ಲಿ ಪ್ಲಾಸ್ಟರು ಬಿಚ್ಚಿದರು. ಮೀರಾಬಾಯಿ ಎದ್ದು ಒಲೆಯ ಮುಂದೆ ಹೋದಳು.

ಆಮೇಲೆ ಅನುರಾಧಾಳನ್ನು ಉದಗೀರಕ್ಕೆ ಕೊಟ್ಟರು. ಗಂಡ ಲಾತೂರದಲ್ಲಿ ಇನ್ನೊಂದು ಮನೆ ಮಾಡಿದ್ದನೆಂಬುದು ಮದುವೆಯಾದ ಮೇಲೆ ತಿಳಿಯಿತು. ಎರಡು ಸಲ ಅವಳು ತವರಿಗೆ ಬಂದಳು. ಎರಡು ಸಲವೂ ಗುರುಲಿಂಗಪ್ಪ ತಿರುಗಿ ಕಳಿಸಿದ. ಎರಡನೆಯ ಸಲ ಬಸ್ಸಿಗೆ ಹತ್ತಿಸಿದವಳು ಮೀರಾಬಾಯಿ. ಹೊಸ ಸೀರೆ ಉಡಿಸಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, “ನಿನ್ನ ಜಾಗಾ ನೀ ಹಿಡಕೊಂಡು ಇರು, ಎಲ್ಲಾ ಸರಿ ಹೋಗತದ,” ಎಂದಿದ್ದಳು. ಸರಿಹೋಗಲಿಲ್ಲ. ಮೂರನೆಯ ಸಲ ಅನುರಾಧಾ ಉದಗೀರ ಬಿಟ್ಟಾಗ ತವರಿಗೆ ಬರಲಿಲ್ಲ. ನೇರ ಹುಮನಾಬಾದಿಗೆ ಹೋಗಿ, ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಹಿಡಿದು, ಬಿಸ್ಮಿಲ್ಲಾ ಬೀ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಪಡೆದಳು. “ಗಂಡನ ಜೋಡಿ ಬಂದ್ರ ಬರಲಿ, ಒಬ್ಬಾಕೆ ಬರೂದು ಬ್ಯಾಡ,” ಎಂದ ಗುರುಲಿಂಗಪ್ಪ. ಅಂದಿನಿಂದ ಎರಡು ವರ್ಷ, ಮಗಳ ಹೆಸರು ಆ ಮನೆಯಲ್ಲಿ ಅವನ ಮುಂದೆ ಯಾರ ಬಾಯಿಂದಲೂ ಬಂದಿರಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮೀರಾಬಾಯಿ ಒಂದು ಸಲವೂ ಹೋಗಿರಲಿಲ್ಲ.

ಐತವಾರ ಹನ್ನೊಂದು ಗಂಟೆಗೆ, ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ, ಅನುರಾಧಾ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡುತ್ತಿದ್ದಳು. “ಉಂಡಿಯೇನು?” “ಉಂಡೆ. ನೀ?” “ಇನ್ನಾ ಇಲ್ಲ.” ಆಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಕೇಳಬೇಕಾದದ್ದನ್ನು ಕೇಳಲು ಅವ್ವನಿಗೆ ಬಾಯಿಲ್ಲ. ಹೇಳಬೇಕಾದದ್ದನ್ನು ಹೇಳಲು ಮಗಳಿಗೆ ಮನಸ್ಸಿಲ್ಲ. ಎರಡು ನಿಮಿಷಕ್ಕೆ ಫೋನು ಇಡುತ್ತಿದ್ದರು.

ಆ ಐತವಾರ ಮೀರಾಬಾಯಿ ಉಂಡಿಯಾ ಎಂದು ಕೇಳುವುದನ್ನೇ ಮರೆತಳು.

“ಅನು, ಕಂದೀಲು ಹುಡುಗಿದು ಸಿನಿಮಾ ಬರತದಂತ.”

“ಯಾರು ಹೇಳಿದ್ರು?”

“ಸಲಾವುದ್ದೀನ್. ಫೋಟೋ ನೋಡ್ದೆ ನಾ. ಓಢಣಿ ಅದೇ ಕೆಂಪು ಅದ.”

“ಹುಡುಗಿ ಎಷ್ಟು ವರ್ಷದಾಕಿ ಇದ್ಹಾಂಗ ಕಾಣತಾಳ?”

“ಮುಖಾನ ಕಾಣಂಗಿಲ್ಲ.”

“ಅದು ಚಲೋ ಆತು,” ಎಂದಳು ಅನುರಾಧಾ. “ಮುಖಾ ತೋರಿಸಿದ್ರಂದ್ರ ಅಕಿ ಬ್ಯಾರೇನ ಯಾರೋ ಆಗತಾಳ.”

“ಒಳಗ ಹೊಂಟಾಳೋ ಹೊರಗ ಹೊಂಟಾಳೋ, ಈಗರೆ ಗೊತ್ತಾಗತದ.”

“ಹೊರಗ,” ಎಂದಳು ಮಗಳು, ಹಿಂದಿನಷ್ಟೇ ಹಟದಿಂದ. ಮೀರಾಬಾಯಿಗೆ ನಗು ಬಂತು. ಹತ್ತು ನಿಮಿಷ ಮಾತಾಡಿದರು. ಫೋನು ಇಟ್ಟು ತಿರುಗಿದರೆ ಸೊಸೆ ಜಯಮಾಲಾ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

“ಅತ್ತಿ, ನೀವು ನಕ್ಕಿದ್ದು ನಾ ಭಾಳ ದಿನಕ್ಕ ನೋಡ್ದೆ,” ಎಂದಳು.

ಅಲ್ಲಿಂದ ಮುಂದೆ ಮೀರಾಬಾಯಿ ಬುತ್ತಿ ಒಯ್ಯುವ ಕೆಲಸವನ್ನು ತಾನೇ ವಹಿಸಿಕೊಂಡಳು. ಗಂಡ ಉಣ್ಣುವವರೆಗೆ ಸಲಾವುದ್ದೀನನ ಸ್ಟೂಲಿನ ಮೇಲೆ ಕೂಡುವಳು. ಅವನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವನು. ಆ ಆಟ ಆಡಿದವರು ದೇಶದೇಶದಲ್ಲಿ ಇದ್ದರು. ಅವರೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಸೇರಿ ಬರೆದುಕೊಳ್ಳುತ್ತಿದ್ದರು.

“ಇಂವ ಅಂತಾನ, ಅಕಿ ಬಾಯಿಲೆ ಒಂದು ಮಾತು ಬಂದ್ರೂ ನಾ ಎದ್ದು ಹೊರಗ ಹೋಗತೀನಿ. ಇಕಿ ಅಂತಾಳ, ಎಂಟನೇ ಕೋಣಿ ನೀರಿನ ಸಪ್ಪಳ ಬರೋಬರಿ ಬರಬೇಕು.”

“ಖರೇ,” ಎಂದಳು ಮೀರಾಬಾಯಿ. “ಆ ಸಪ್ಪಳ ಕೇಳೇನ ಬಾಗಿಲ ಹುಡುಕಬೇಕಲ್ಲ.”

“ಇನ್ನೊಬ್ಬಂವ ಅಂತಾನ, ಆಟದ ಸಿನಿಮಾ ಇಲ್ಲೀ ತನಕ ಒಂದೂ ನೆಟ್ಟಗ ಆಗಿಲ್ಲ. ಇದೂ ಆಗಂಗಿಲ್ಲ. ಆಶಾ ಇಟ್ಕೋಬ್ಯಾಡ್ರಿ.”

“ಅಂವ ಯಾವಾನು?”

“ಯಾರಿಗಿ ಗೊತ್ತು ಮೌಶಿ.”

“ಅಂವಗೂ ಆಶಾ ಅದ. ಇಲ್ಲಂದ್ರ ಇಷ್ಟ್ಯಾಕ ಬರೀತಾನ?”

ಭಾದ್ರಪದ ಕಳೆಯುವ ಹೊತ್ತಿಗೆ ಕೆಟ್ಟ ಸುದ್ದಿಯೊಂದು ಬಂತು. ಸಿನಿಮಾದಲ್ಲಿ ಒಬ್ಬ ಸಿಪಾಯಿ ಇದ್ದಾನಂತೆ, ಅವನೇ ಹೀರೋ ಅಂತೆ. ಐತವಾರ ಫೋನಿನಲ್ಲಿ ಮೀರಾಬಾಯಿ ಅದನ್ನು ಅನುರಾಧಾಳಿಗೆ ಹೇಳಿದಳು.

“ಹಂಗಂದ್ರ ಅಂವ ಅಕೀನ್ನ ಉಳಸ್ತಾನ,” ಎಂದಳು ಮಗಳು.

“ಹಂಗ ಮಾಡಲಿಕ್ಕಿಲ್ಲ ತಗಿ. ಬಾಗಿಲದಾಗ ನಿಂತಂವ ಇರಬಹುದು.”

“ಉಳಸ್ತಾನವ್ವ. ಅವರಿಗಿ ಮತ್ತೇನು ಬರತದ.” ಅನುರಾಧಾಳ ದನಿ ಬಿಗಿಯಾಗಿತ್ತು. “ಒಬ್ಬಾಕೆ ಹೋದ್ರ ಯಾರ ಕಣ್ಣಿಗೂ ಚಂದ ಕಾಣಂಗಿಲ್ಲಲ್ಲ.”

ಮೀರಾಬಾಯಿ ಮರುದಿನ ಸಲಾವುದ್ದೀನನ ಅಂಗಡಿಗೆ ಹೋಗಿ, “ನಂದೂ ಒಂದು ಬರಿ,” ಎಂದಳು.

“ಏನಂತ ಬರೀಲಿ?”

“ಅಕಿ ಜೋಡಿ ಯಾರೂ ಬ್ಯಾಡ ಅಂತ ಬರಿ. ಹನ್ನೊಂದು ಕೋಣಿ ಅಕಿ ಒಬ್ಬಾಕೇ ದಾಟ್ಯಾಳ, ನಾ ಕಣ್ಣಾರೆ ನೋಡೀನಿ ಅಂತ ಬರಿ. ನಾ ಮತ್ತ ನನ್ನ ಮಗಳು ಕೂಡಿ ಆಡ್ತಿದ್ದಿವಿ ಅಂತ ಬರಿ.”

ಸಲಾವುದ್ದೀನ್ ಟೈಪು ಮಾಡಿದ. ಕೆಳಗೆ ‘ಮೀರಾ, ಬಸವಕಲ್ಯಾಣ’ ಎಂದು ಹಾಕಿದ. ವಯಸ್ಸು ಹಾಕಲೇ ಎಂದು ಕೇಳಿದ್ದಕ್ಕೆ, “ಹಾಕು. ಐವತ್ತಾರು. ನಾಚಿಕಿ ಏನದ ಅದರಾಗ,” ಎಂದಳು.

ಎಂಟು ದಿನಕ್ಕೆ ಉತ್ತರ ಬಂತು. ಸಲಾವುದ್ದೀನ್ ಅದನ್ನು ಕಾಗದದ ಮೇಲೆ ತೆಗೆದಿಟ್ಟುಕೊಂಡಿದ್ದ. ಒಂದೊಂದೇ ಸಾಲು ಓದಿ ಹೇಳಿದ.

“ಮೀರಾ ಅವ್ರೇ, ನಾನೂ ನಮ್ಮವ್ವನ ಜೋಡಿ ಆಡ್ತಿದ್ದೆ. ಕಂದೀಲು ಅಕಿ ಕೈಯಾಗ ಇರ್ತಿತ್ತು. ನಾ ಊರು ಬಿಟ್ಟು ಬಂದ ಮ್ಯಾಲ ಒಂದು ಸಣ್ಣ ಮಾತಿಗಿ ನಮ್ಮಿಬ್ಬರಿಗಿ ಕೆಟ್ಟು, ನಾಲ್ಕು ವರ್ಷ ಮಾತಾಡಲಿಲ್ಲ. ಈ ವರ್ಷ ಅಕಿ ತೀರಿಕೊಂಡ್ಳು. ಸಿನಿಮಾ ಬಂದಾಗ ನಾ ಒಬ್ಬನೇ ನೋಡಬೇಕು. ನೀವು ನಿಮ್ಮ ಮಗಳ ಜೋಡಿ ಹೋಗ್ರಿ. ಚಲೋ ಇರಲಿ ಬಿಡಲಿ, ಹೋಗ್ರಿ.”

“ಯಾವ ದೇಶದಂವ?”

“ಬರದಿಲ್ಲ ಮೌಶಿ.”

ಮೀರಾಬಾಯಿ ಕಾಗದವನ್ನು ಇಸಿದುಕೊಂಡು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಆ ಮಧ್ಯಾಹ್ನ ಬುತ್ತಿಯ ಡಬ್ಬಿಯನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದಳು.

ದೀಪಾವಳಿ ಬಂತು, ಹೋಯಿತು. ಹಬ್ಬಕ್ಕೆ ಮಾಡಿದ ಕರ್ಚಿಕಾಯಿಯಲ್ಲಿ ಇಪ್ಪತ್ತನ್ನು ಮೀರಾಬಾಯಿ ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಳು. ಕಳಿಸುವ ದಾರಿ ಸಿಗದೆ ಅವು ಮೆತ್ತಗಾದವು. ಸಿನಿಮಾ ದೊಡ್ಡ ಊರುಗಳಿಗೆ ಬಂದು ಮೂರು ವಾರವಾದರೂ ಈ ಕಡೆ ಬರಲಿಲ್ಲ. ನೋಡಿದವರು ಬರೆದದ್ದನ್ನು ಓದಬೇಡ ಎಂದು ಮೀರಾಬಾಯಿ ಸಲಾವುದ್ದೀನನಿಗೆ ತಾಕೀತು ಮಾಡಿದ್ದಳು. ಡಿಸೆಂಬರಿನ ಮೊದಲ ಐತವಾರ ಅನುರಾಧಾ ಫೋನಿನಲ್ಲಿ ಹೇಳಿದಳು: “ಅವ್ವ, ಇಲ್ಲಿ ಟಾಕೀಸಿನ ಗ್ವಾಡಿಗಿ ಪೋಸ್ಟರ್ ಹಚ್ಯಾರ. ಶುಕ್ರವಾರದಿಂದ ಮೂರ ದಿನ. ಶನಿವಾರ ನನಗ ಅರ್ಧಾ ದಿನ ಶಾಲಿ.”

“ಶನಿವಾರ ಮೂರರ ಆಟಕ್ಕ ನಾ ಬರತೀನಿ,” ಎಂದಳು ಮೀರಾಬಾಯಿ.

“ಅಪ್ಪಗ ಏನಂತ ಹೇಳ್ತಿ?”

“ಸಿನಿಮಾಕ್ಕ ಹೋಗತೀನಿ ಅಂತ ಹೇಳ್ತೀನಿ.”

ಜಯಮಾಲಾ ಬೇರೆ ದಾರಿ ಹೇಳಿಕೊಟ್ಟಳು. ಅವಳು ಆರು ತಿಂಗಳ ಬಸುರಿ. ಸೀಮಂತದ ಕುಬಸಕ್ಕೆ ದಿನ ಗೊತ್ತುಮಾಡಲು ಮನ್ನಾಏಖೇಳ್ಳಿಯಿಂದ ಅವಳ ತಾಯಿ ಮೂರು ಸಲ ಫೋನು ಮಾಡಿದ್ದಳು. “ನಮ್ಮವ್ವನ ಕಡಿ ಹೋಗಿ ದಿನಾ ನೋಡ್ಕೊಂಡು ಬರತೀನಿ ಅಂತ ಹೇಳ್ರಿ ಅತ್ತಿ. ಹುಮನಾಬಾದ್ ಹಾದೇ ಹೋಗಬೇಕಲ್ಲ. ಮಾವಗ ಗೊತ್ತಾಗಂಗಿಲ್ಲ.”

“ಬ್ಯಾಡವ್ವ,” ಎಂದಳು ಮೀರಾಬಾಯಿ. “ಸುಳ್ಳ ಹೇಳಿ ಹೋದ್ರ ಮತ್ತೊಮ್ಮಿ ಹೋಗಾಕ ಮತ್ತೊಂದು ಸುಳ್ಳ ಬೇಕು.”

ಆ ಸಂಜೆ ಊಟಕ್ಕೆ ಕುಳಿತಾಗ ಹೇಳಿಬಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಒಗ್ಗರಣೆ ಹಾಕಿದ ತೊಗರಿಬೇಳೆ. ಗುರುಲಿಂಗಪ್ಪ ಎರಡನೆಯ ರೊಟ್ಟಿ ಮುರಿಯುತ್ತಿದ್ದ.

“ಶನಿವಾರ ಹುಮನಾಬಾದಕ್ಕ ಹೋಗತೀನ್ರಿ. ಒಂದು ಸಿನಿಮಾ ಬಂದದ.”

ಗುರುಲಿಂಗಪ್ಪ ತಲೆ ಎತ್ತಲಿಲ್ಲ. “ಇಲ್ಲೇ ಎರಡು ಟಾಕೀಸ್ ಅವ.”

“ಇಲ್ಲಿ ಬಂದಿಲ್ರಿ ಅದು.”

“ಯಾವ ಸಿನಿಮಾ?”

“ಟಿ.ವಿ. ಗೇಮಿಂದು ಅಪ್ಪಾ,” ಎಂದು ಶರಣಕುಮಾರ ನಡುವೆ ಬಾಯಿ ಹಾಕಿದ. “ಅವ್ವನ ಕಾಲ ಮುರದಾಗ ಆಡ್ತಿದ್ರಲ್ಲ, ಅಕ್ಕ ಮತ್ತ…” ಅಷ್ಟಕ್ಕೇ ನಿಲ್ಲಿಸಿ ನೀರು ಕುಡಿದ.

“ಐವತ್ತಾರು ವರ್ಷದಾಕಿ, ಮಕ್ಕಳಾಟದ ಸಿನಿಮಾ,” ಎಂದ ಗುರುಲಿಂಗಪ್ಪ. “ಮಂದಿ ಕೇಳಿದ್ರ ನಗತಾರ.”

“ನಗಲೇಳ್ರಿ.”

“ಸಿನಿಮಾ ನೋಡಾಕೋ, ಅಕೀನ್ನ ನೋಡಾಕೋ?”

ಮೀರಾಬಾಯಿ ಅವನ ತಾಟಿಗೆ ಬೇಳೆ ಬಡಿಸಿದಳು. “ಸಿನಿಮಾ,” ಎಂದಳು.

“ನನಗೇನು ತಿಳಿಯಂಗಿಲ್ಲ ಅಂತ ಮಾಡಿದ್ದಿ? ಐತಾರ ಐತಾರ ಫೋನ್ ಬರೂದು ನನಗ ಗೊತ್ತದ. ಬರಲಿ ಅಂತ ಸುಮ್ಮನಿದ್ದೀನಿ. ಫೋನ್ ಬ್ಯಾರೆ, ಹೋಗೂದು ಬ್ಯಾರೆ. ನೀ ಹೋದ್ರ ಅಕಿ ಮಾಡಿದ್ದು ಬರೋಬರಿ ಅಂದ್ಹಂಗ ಆಗತದ.”

“ಅಕಿ ಮಾಡಿದ್ದರಾಗ ತಪ್ಪೇನದ್ರಿ ಮಾವ?” ಎಂದಳು ಜಯಮಾಲಾ.

ಶರಣಕುಮಾರ ಹೆಂಡತಿಯ ಕಡೆ ಕಣ್ಣು ಬಿಟ್ಟು ನೋಡಿದ. “ನೀ ಸುಮ್ಮನಿರು.”

“ಸುಮ್ಮನೇ ಇದ್ದೀನಿ ಎರಡು ವರ್ಷದಿಂದ,” ಎಂದಳು ಅವಳು, ದನಿ ಏರಿಸದೆ. “ನಮ್ಮವ್ವ ಮೂರು ಸಲ ಫೋನ್ ಮಾಡ್ಯಾಳ, ಮಗಳನ್ನ ಯಾವಾಗ ಕಳಸ್ತೀರಿ ಅಂತ. ಅನುರಾಧಕ್ಕಗ ಹಂಗ ಕೇಳೋರು ಯಾರದಾರ? ನನಗ ನಾಳಿ ಹೆಣ್ಣ ಹುಟ್ಟಿದ್ರ, ಅಕೀಗೂ ಹಿಂಗೇ ಆದ್ರ, ನಾ ಯಾವ ಬಾಗಿಲಾ ಹಾಕಲಿ? ಅಷ್ಟು ಹೇಳಿಬಿಡ್ರಿ ಮಾವ.”

ಗುರುಲಿಂಗಪ್ಪ ತಾಟಿನಲ್ಲಿ ಕೈ ತೊಳೆದ. ಅರ್ಧ ರೊಟ್ಟಿ ಹಾಗೇ ಉಳಿಯಿತು. ಎದ್ದು ಹೋಗುವಾಗ ಹೆಂಡತಿಗೆ ಅಂದ: “ಹೋಗೂದಿದ್ರ ಹೋಗು. ನನ್ನ ಕೇಳಬ್ಯಾಡ.”

“ಕೇಳಿಲ್ರಿ,” ಎಂದಳು ಮೀರಾಬಾಯಿ. “ಹೇಳಿದೆ.”

ಶನಿವಾರ ಶರಣಕುಮಾರ ಸ್ಕೂಟರಿನಲ್ಲಿ ಅವ್ವನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದು, “ಅಕ್ಕಗ ನಾ ಕೇಳೀನಿ ಅಂತ ಹೇಳು,” ಎಂದ. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿಗೆ ಬಿತ್ತು. ಎರಡೂ ಕಡೆ ತೊಗರಿ ಕಾಯಿಗಟ್ಟಿತ್ತು. ಮೀರಾಬಾಯಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದಳು. ರಾಜೇಶ್ವರದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಳಿದು ನಡೆದೇ ಹೋಗಿಬಿಡಲೇ ಅನ್ನಿಸಿತು.

ಟಾಕೀಸಿನ ಕಟ್ಟೆಯ ಮೇಲೆ ಅನುರಾಧಾ ಕುಳಿತಿದ್ದಳು. ತಿಳಿನೀಲಿ ಸೀರೆ, ಹೆಗಲಿಗೆ ಚೀಲ, ಬೆರಳಿಗೆ ಸುಣ್ಣದ ಕಡ್ಡಿಯ ಪುಡಿ. ತೆಳ್ಳಗಾಗಿದ್ದಳು. ಕಿವಿಯ ಹತ್ತಿರ ನಾಲ್ಕಾರು ಬಿಳಿಕೂದಲು ಬಂದಿದ್ದವು. ಇಪ್ಪತ್ತೆಂಟು ವರ್ಷಕ್ಕೆ ಇವಳಿಗೆ ಕೂದಲು ಬೆಳ್ಳಗಾಯಿತಲ್ಲ ಎಂದು ಮೀರಾಬಾಯಿ ಅದನ್ನೇ ನೋಡುತ್ತ ನಿಂತಳು.

“ಟಿಕೀಟ್ ತಗದೀನಿ,” ಎಂದಳು ಅನುರಾಧಾ. “ನಡಿ, ಶುರು ಆಗತದ.”

ಒಳಗೆ ನಲವತ್ತು ಜನರಿಗಿಂತ ಹೆಚ್ಚು ಇರಲಿಲ್ಲ. ದೀಪ ಆರಿತು. ಮೊದಲಿಗೆ ಕತ್ತಲು, ಕತ್ತಲಿನಲ್ಲಿ ಕಲ್ಲಿನ ಮೇಲೆ ಹೆಜ್ಜೆಯ ಸಪ್ಪಳ. ಆಮೇಲೆ ಒಂದು ಬತ್ತಿ ಹೊತ್ತಿಕೊಂಡು ಕಂದೀಲಾಯಿತು, ಕಂದೀಲಿನ ಬೆಳಕಿಗೆ ಕೆಂಪು ಓಢಣಿ ಕಂಡಿತು. ಹುಡುಗಿ ಬೆನ್ನು ತೋರಿಸಿ ನಡೆಯತೊಡಗಿದಳು. ಅದೇ ಉದ್ದನೆಯ ಓಣಿ, ಅದೇ ಕಮಾನು, ಎಡಗಡೆ ಅದೇ ಒಡೆದ ಗೋಡೆ. ಎಲ್ಲೋ ದೂರ ನೀರು ಬೀಳುತ್ತಿತ್ತು. ಯಾರೂ ಮಾತಾಡಲಿಲ್ಲ. ಆಟದಲ್ಲಿ ಹೆಬ್ಬೆರಳಷ್ಟಿದ್ದ ಹುಡುಗಿ ಈಗ ಗೋಡೆಯಷ್ಟು ದೊಡ್ಡವಳಾಗಿ ಅವರ ಮುಂದೆ ನಡೆಯುತ್ತಿದ್ದಳು. ತಿರುವಿನಲ್ಲಿ ಗಾಳಿ ಬಂದು ದೀಪ ಓಲಾಡಿದಾಗ ಮೀರಾಬಾಯಿಯ ಹೆಬ್ಬೆರಳು ತಾನಾಗಿ ಕುರ್ಚಿಯ ಕೈಯನ್ನು ಒತ್ತಿತು. ಪಕ್ಕಕ್ಕೆ ನೋಡಿದರೆ ಅನುರಾಧಾಳ ಕಣ್ಣು ತುಂಬಿದ್ದವು. ಅವಳು ಒರೆಸಿಕೊಳ್ಳಲಿಲ್ಲ.

ಅದು ನಾಲ್ಕು ನಿಮಿಷ ಇದ್ದಿರಬೇಕು. ಆಮೇಲೆ ಸಿಪಾಯಿ ಬಂದ.

ಬಂದವನು ಹೋಗಲೇ ಇಲ್ಲ. ಹುಡುಗಿ ತಿರುಗಿದಳು, ಮುಖ ಕಂಡಿತು, ಹಿಂದಿಯಲ್ಲಿ ಮಾತಾಡಿದಳು. ಅವಳ ತಂದೆ ಯಾವುದೋ ರಾಜ, ಅವನ ಕಿರೀಟ ಕೋಟೆಯಲ್ಲಿ ಹೂತಿದೆ, ಅದನ್ನು ತರಲು ಬಂದಿದ್ದಾಳೆ. ಮೂರನೆಯ ಕೋಣೆಯಲ್ಲಿ ಸಿಪಾಯಿ ಕೈ ಚಾಚಿದ. ಅವಳು ಕಂದೀಲು ಅವನಿಗೆ ಕೊಟ್ಟು ಹಿಂದೆ ಹಿಂದೆ ನಡೆದಳು.

“ಅಂವನ ಕೈಯಾಗ ಯಾಕ ಕೊಟ್ಳು?” ಎಂದಳು ಮೀರಾಬಾಯಿ, ಎಲ್ಲರಿಗೂ ಕೇಳುವಂತೆ.

ಹಿಂದಿನಿಂದ ಯಾರೋ ನಕ್ಕರು. ಅನುರಾಧಾ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಿಲ್ಲಿಸಲು ಆಗಲಿಲ್ಲ. ಮೀರಾಬಾಯಿಗೂ ತಡೆಯಲಾಗಲಿಲ್ಲ. ಉಳಿದ ಸಿನಿಮಾವನ್ನು ಇಬ್ಬರೂ ಹೀಗೇ ನೋಡಿದರು: ಸಿಪಾಯಿ ಗುಂಡು ಹಾರಿಸಿದಾಗೊಮ್ಮೆ, ಹುಡುಗಿ ಕಿರುಚಿದಾಗೊಮ್ಮೆ ಒಬ್ಬರ ಮುಖ ಒಬ್ಬರು ನೋಡುತ್ತ, ಭುಜ ಒತ್ತುತ್ತ.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತ ಅನುರಾಧಾ ಅಂದಳು, “ಕೆಡಿಸಿಬಿಟ್ರು.”

“ಹೂಂ, ಕೆಡಿಸಿದ್ರು. ಸುರುವಿನದು ಒಂದೀಟು ಚಲೋ ಮಾಡಿದ್ರು.”

“ಹೂಂ. ಸುರುವಿನದು.”

ಬಸ್ಸು ನಿಂತಿತ್ತು. ಕಂಡಕ್ಟರ್ ಕಲ್ಯಾಣ, ಕಲ್ಯಾಣ ಎಂದು ಕೂಗುತ್ತಿದ್ದ. ಮೀರಾಬಾಯಿ ಬಸ್ಸಿನ ಬಾಗಿಲನ್ನು ನೋಡಿದಳು, ಮಗಳನ್ನು ನೋಡಿದಳು. “ನಿನ್ನ ಕೋಣಿ ಎಷ್ಟು ದೂರ ಅದ?” ಎಂದು ಕೇಳಿದಳು.

ಬಿಸ್ಮಿಲ್ಲಾ ಬೀ ಅಂಗಳದಲ್ಲಿ ಮೆಂತ್ಯ ಸೋಸುತ್ತಿದ್ದಳು. ಯಾರೆಂದು ಕೇಳಲಿಲ್ಲ. ಇಬ್ಬರ ಒಂದೇ ಬಗೆಯ ಮೂಗು ನೋಡಿ, “ಅಮ್ಮಾ ಬಂದಾರೇನು ಟೀಚರ್,” ಎಂದು ಸೋಸಿದ ಸೊಪ್ಪಿನಲ್ಲಿ ಅರ್ಧ ಎತ್ತಿ ಕೊಟ್ಟಳು. ಅವಳ ಮನೆಯ ಫೋನಿನಿಂದಲೇ ಮೀರಾಬಾಯಿ ಬಸವಕಲ್ಯಾಣಕ್ಕೆ ಹಚ್ಚಿದಳು. ಜಯಮಾಲಾ ಎತ್ತಿದಳು.

“ಇವತ್ತ ನಾ ಬರಂಗಿಲ್ಲ. ನಾಳಿ ಮುಂಜಾನಿ ಬರತೀನಿ. ಮಾವಗ ಹೇಳು.”

“ಏನಂತ ಹೇಳ್ಲಿ ಅತ್ತಿ?”

“ಇದ್ದದ್ದು ಹೇಳು.”

ಕೋಣೆ ಸಣ್ಣದು. ಒಂದು ಚಾಪೆ, ಒಂದು ಟ್ರಂಕು, ತಿದ್ದಬೇಕಾದ ನೋಟ್‌ಬುಕ್ಕಿನ ಕಟ್ಟು. ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೌ. ಅದರ ಪಕ್ಕ ಒಂದೇ ಒಂದು ಅಲ್ಯುಮಿನಿಯಂ ಪಾತ್ರೆ, ತಳ ಕಪ್ಪಾಗಿ ಒಂದು ಕಡೆ ನೆಗ್ಗಿದ್ದು. ಅನುರಾಧಾ ಮೊದಲು ಅದರಲ್ಲಿ ಚಹಾ ಮಾಡಿದಳು, ತೊಳೆದು ಬೇಳೆಗಿಟ್ಟಳು, ಬೇಳೆಯನ್ನು ಗಂಗಾಳಕ್ಕೆ ಬಗ್ಗಿಸಿ, ಮತ್ತೆ ತೊಳೆದು ಅನ್ನಕ್ಕಿಟ್ಟಳು. ಪಾತ್ರೆ ಅಂಗಡಿಯವನ ಮಗಳು. ಮೀರಾಬಾಯಿ ನ್ಯೂಸ್‌ಪೇಪರಿನ ಮೇಲೆ ಸೊಪ್ಪು ಹೆಚ್ಚುತ್ತ ನೋಡುತ್ತಿದ್ದಳು.

ಅನುರಾಧಾ ರೊಟ್ಟಿ ಬಡಿಯಲು ಹಿಟ್ಟು ಕಲಸಿಕೊಂಡು ಕುಳಿತಾಗ ಮೀರಾಬಾಯಿ ಹೇಳಿದಳು. “ಅನು, ನಾ ಅವತ್ತು ನಿನ್ನ ಬಸ್ಸಿಗಿ ಹತ್ತಿಸಬಾರದಿತ್ತು.”

ಅನುರಾಧಾಳ ಕೈ ನಿಂತಿತು.

“ಹೂಂ,” ಎಂದಳು. “ಹತ್ತಿಸಬಾರದಿತ್ತು.”

ಮೀರಾಬಾಯಿ ಕಾದಳು. ಹೋಗಲಿ ಬಿಡವ್ವ ಎಂಬ ಮಾತು ಬರಲಿಲ್ಲ.

“ಬಸ್ಸು ಭಾಲ್ಕಿ ದಾಟೂ ತನಕ ನಾ ಅಂದ್ಕೊಂಡಿದ್ದೆ,” ಎಂದಳು ಅನುರಾಧಾ, “ನೀ ಹಿಂದಿನ ಬಸ್ಸಿಗಿ ಬರತಿ ಅಂತ. ಇಳಿ, ನಡಿ ಮನಿಗಿ ಅಂತಿ ಅಂತ. ಉದಗೀರದಾಗ ಇಳದ ಮ್ಯಾಲೂ ಸ್ಟ್ಯಾಂಡಿನಾಗ ಒಂದು ತಾಸು ಕುಂತಿದ್ದೆ.” ಅವಳು ತವೆಯ ಕಡೆ ಕೈ ಮಾಡಿದಳು. “ರೊಟ್ಟಿ ಸುಡಾಕತ್ತದ, ಹೊಳ್ಳಿ ಹಾಕು.”

ಮೀರಾಬಾಯಿ ರೊಟ್ಟಿ ಹೊರಳಿಸಿದಳು. ಕಣ್ಣು ಹೊಗೆಗೆ ಉರಿಯುತ್ತಿತ್ತೋ ಮತ್ತೇನೋ, ಸೆರಗಿನಿಂದ ಒರೆಸಿಕೊಂಡಳು. ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡರು. ಅನುರಾಧಾ ಹೆಚ್ಚಾಗಿ ಶಾಲೆಯ ಮಾತು ಆಡಿದಳು. ನಾಲ್ಕನೆಯ ಇಯತ್ತೆಯ ಮಕ್ಕಳು ತನಗೆ ಬಹಳ ಹೆದರುತ್ತಾರೆ ಎಂದಳು. ಅವ್ವನ ಕಡೆಗೆ ಕೇಳದೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಹತ್ತು ಗಂಟೆಗೆ ಬಸವಕಲ್ಯಾಣದಲ್ಲಿ ಬಸ್ಸು ಇಳಿದ ಮೀರಾಬಾಯಿ ಮನೆಗೆ ಹೋಗದೆ ನೇರ ಪೇಟೆಗೆ ನಡೆದಳು. ಅಂಗಡಿಯಲ್ಲಿ ನಾರಾಯಣಪುರದ ಇಬ್ಬರು ಹೆಂಗಸರು ಸ್ಟೀಲಿನ ಕೊಡ ನೋಡುತ್ತಿದ್ದರು. ಶರಣಕುಮಾರ ನಿಚ್ಚಣಿಕೆಯ ಮೇಲಿದ್ದ. ಗುರುಲಿಂಗಪ್ಪ ಗಾದಿಯ ಮೇಲಿಂದ ಹೆಂಡತಿಯನ್ನು ನೋಡಿದ. ಅವನು ಗಡ್ಡ ಬೋಳಿಸಿಕೊಂಡಿರಲಿಲ್ಲ.

“ಮುಗೀತೇನು ಸಿನಿಮಾ?”

“ಮುಗೀತು. ಚಲೋ ಮಾಡಿಲ್ಲ.” ಮೀರಾಬಾಯಿ ಕೈಚೀಲ ಕೆಳಗಿಟ್ಟಳು. “ಶರಣು, ಮೂರು ಲೀಟರಿಂದು ಒಂದು ಕುಕ್ಕರ್ ತಗಿ.”

“ಮನ್ಯಾಗ ಎರಡು ಅವಲ್ಲ,” ಎಂದ ಗುರುಲಿಂಗಪ್ಪ.

“ಮನಿಗಲ್ರಿ. ಅನುರಾಧಾಗ. ಮುಂದಿನ ಐತಾರ ಹೋಗತೀನಿ, ಒಯ್ಯತೀನಿ.”

ಶರಣಕುಮಾರ ನಿಚ್ಚಣಿಕೆಯ ಮೇಲೆ ಹಾಗೇ ನಿಂತ. ಕೊಡ ಹಿಡಿದಿದ್ದ ಹೆಂಗಸು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ, “ಮಗಳಿಗೇನ್ರಿ ಸಾವ್ಕಾರ?” ಎಂದು ಕೇಳಿದಳು. ಗುರುಲಿಂಗಪ್ಪ ರಸ್ತೆಯ ಕಡೆ ನೋಡಿದ. ಒಂದು ಟಂಟಂ ಆಟೋ ಹಾರ್ನು ಬಾರಿಸುತ್ತ ಹೋಯಿತು.

“ಹೂಂ,” ಎಂದ.

ಶರಣಕುಮಾರ ಮೇಲಿನ ಹಲಗೆಯಿಂದ ಒಂದು ಕುಕ್ಕರಿನ ಡಬ್ಬಿ ಎಳೆದ.

“ಅದು ಬ್ಯಾಡೋ,” ಎಂದ ಗುರುಲಿಂಗಪ್ಪ. “ಅದರ ರಬ್ಬರ್ ಲಗೂ ಸಡ್ಲ ಆಗತದ. ಆ ಬಲಗಡೀದು ಕೊಡು. ಒಬ್ಬಾಕೇ ಇರಾಕಿ, ಮೂರು ಲೀಟರ್ ಯಾಕ ಬೇಕು? ಎರಡು ಸಾಕಾಗತದ.”

“ನಾನೂ ಹೋಗಿ ಇರತೀನಲ್ರಿ,” ಎಂದಳು ಮೀರಾಬಾಯಿ. “ಮೂರು ಇರಲಿ.”

ಗುರುಲಿಂಗಪ್ಪ, ಮಗ ಇಳಿಸಿಕೊಟ್ಟ ಮೂರು ಲೀಟರಿನ ಕುಕ್ಕರನ್ನು ಡಬ್ಬಿಯಿಂದ ತೆಗೆದು, ಮುಚ್ಚಳ ಹಾಕಿ ತೆಗೆದು, ಬೆರಳಿನಿಂದ ರಬ್ಬರು ಸುತ್ತಲೂ ಒತ್ತಿ ನೋಡಿದ. ಹೆಗಲ ಮೇಲಿನ ವಸ್ತ್ರದಿಂದ ಹೊರಗಿನ ಧೂಳು ಒರೆಸಿ, ಮಾರುವ ಸಾಮಾನಿನ ಸಾಲಿಗೆ ಇಡದೆ, ತನ್ನ ಗಾದಿಯ ಮಗ್ಗುಲಿಗೆ ಇಟ್ಟುಕೊಂಡ. ನಾರಾಯಣಪುರದ ಹೆಂಗಸರು ಮತ್ತೆ ಕೊಡದ ಮಾತಿಗೆ ಬಂದರು.